ಬಸ್ಸಿನ ಕಿವಿ

ಅಪ್ಪ ನನ್ನೊಡನೆ ಮಾತು ಬಿಟ್ಟು ಆಗಲೇ ಮೂರು ವಾರವಾಗಿತ್ತು. ಬಿಟ್ಟರು ಎಂದರೆ ಪೂರ್ತಿ ಬಿಟ್ಟರು ಎಂದಲ್ಲ. ಹೇಳಬೇಕಾದ್ದನ್ನೆಲ್ಲ ಅಡುಗೆಮನೆಯ ಗೋಡೆಗೆ ಹೇಳುತ್ತಿದ್ದರು. "ಗೋಡೆಯಮ್ಮಾ, ಕಾಫಿಗೆ ಸಕ್ಕರೆ ಸಾಲದು" ಎನ್ನುವರು. "ಸಕ್ಕರೆ ಡಬ್ಬಿ ಕೈಗೆಟುಕೋ ಹಾಗೇ ಇದೆ ಅಂತ ಹೇಳು ಗೋಡೆಯಮ್ಮಾ" ಎಂದು ನಾನೂ ಗೋಡೆಗೇ ಹೇಳುವೆ. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆ ಮೂಗು ಎಲ್ಲಿಂದ ಬಂತು ಎಂದು ಅಪ್ಪನ ಮುಖ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜಗಳಕ್ಕೆ ಕಾರಣ ನನ್ನ ಕೈಚೀಲದಲ್ಲಿದ್ದ ಒಂದು ಬೀಗದ ಕೈ. ಅಪ್ಪನ ಮೂರು ಚಕ್ರದ ಸೈಕಲ್ಲನ್ನು ಮೆಟ್ಟಿಲ ಕೆಳಗೆ ಸರಪಳಿಯಲ್ಲಿ ಕಟ್ಟಿ ಬೀಗ ಜಡಿದವಳು ನಾನೇ. ಅಪ್ಪ ಊರ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಎರಡು ಮಂಡಿಯೂ ಸವೆದು, ಒಂದು ಕಾಲದಲ್ಲಿ ತಾವೇ ಓಡಿಸುತ್ತಿದ್ದ ಬಸ್ಸಿನ ಮೆಟ್ಟಿಲನ್ನು ಹತ್ತಲಾರದವರಾಗಿದ್ದರು. ಮೂಲೆ ಅಂಗಡಿಗೆ ನಡೆದು ಹೋಗಿ ಬಂದರೆ ಆ ದಿನವೆಲ್ಲ ಕಾಲು ನೀಡಿಕೊಂಡೇ ಇರಬೇಕು. ಆದರೆ ಪೆಡಲು ತುಳಿಯಲು ಆ ಮಂಡಿಗಳು ತಕರಾರು ಮಾಡುತ್ತಿರಲಿಲ್ಲ. ಮೈಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ, ಮಂಡಿ ಬರೀ ಸುತ್ತಿದರೆ ಸಾಕು ಎಂದು ಡಾಕ್ಟರೇ ಹೇಳಿದ್ದರು. ಹಾಗಾಗಿ ಆ ಮೂರು ಚಕ್ರವೇ ಅಪ್ಪನ ಕಾಲು. ಅದಕ್ಕೊಂದು ಗಂಟೆ, ಒಂದು ಬುಟ್ಟಿ, ಹ್ಯಾಂಡಲಿಗೆ ಒಂದು ಕನ್ನಡಿ. ನಮ್ಮ ಮುಂಬಾಗಿಲು ಕಿರಿದು. ಸೈಕಲ್ಲು ಒಳಗೆ ತರುವಾಗ ಅಪ್ಪ ಕನ್ನಡಿಯನ್ನು ಮಡಚುತ್ತಿದ್ದರು, ಬೀದಿಗೆ ಇಳಿಸಿದ ಮೇಲೆ ಬಿಚ್ಚುತ್ತಿದ್ದರು. ಆ ಕೆಲಸಕ್ಕೆ ಅವರ ಕಣ್ಣು ಬೇಕಿರಲಿಲ್ಲ, ಕೈಯೇ ಮಾಡಿಬಿಡುತ್ತಿತ್ತು.

ಪ್ರತಿ ಮಧ್ಯಾಹ್ನ ಊಟ ಮುಗಿಸಿ ಸೇತುವೆ ದಾಟಿ, ಆಚೆ ದಡದ ಆಸ್ಪತ್ರೆಯಲ್ಲಿದ್ದ ಅಮ್ಮನ ಹತ್ತಿರ ಹೋಗುವುದು ಅವರ ದಿನಚರಿ. ಹಾಗೆ ಹೋಗುವಾಗ ಒಂದು ದಿನ ಸೇತುವೆಯ ಮೇಲೆ, ಪಕ್ಕದಲ್ಲೇ ಸರಿದ ಬಸ್ಸಿನ ಕನ್ನಡಿ ಅವರ ಹೆಗಲಿಗೆ ಬಡಿಯಿತು. ಬಸ್ಸಿನ ಎರಡು ಪಕ್ಕಕ್ಕೂ ಚಾಚಿಕೊಂಡಿರುತ್ತದಲ್ಲ, ಆ ಕನ್ನಡಿಗೆ ಡ್ರೈವರುಗಳು 'ಕಿವಿ' ಅನ್ನುತ್ತಾರೆ. ಸೈಕಲ್ಲು ಮಗುಚಿತು, ಅಪ್ಪ ಕಟ್ಟೆಗೆ ಒರಗಿ ಬಿದ್ದರು. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಬಸ್ಸು ಓಡಿಸುತ್ತಿದ್ದವನು ಅಪ್ಪನ ಕೈಯಲ್ಲೇ ಪಳಗಿದ ಹುಡುಗ. ಈಗ ಅವನಿಗೂ ಮೀಸೆ ನರೆಯುತ್ತಿದೆ, ಆದರೂ ಡಿಪೋದಲ್ಲೆಲ್ಲ ಅವನನ್ನು 'ಶಿಷ್ಯ' ಎಂದೇ ಕರೆಯುವುದು. ಬಿದ್ದವರು ಅಪ್ಪ, ಅತ್ತವನು ಅವನು. ಅಪ್ಪನನ್ನು ಮನೆಗೆ ಕರೆತಂದು ಬಿಟ್ಟು, "ಅಕ್ಕ, ಜಾಗಾನೇ ಇರ್ಲಿಲ್ಲ ಅಕ್ಕ, ಎದುರುಗಡೆಯಿಂದ ಲಾರಿ" ಎಂದು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. ಅವನು ಹೋದ ಮೇಲೆ ನಾನು ಹೋಗಿ ಸರಪಳಿ ತಂದೆ.

ಇದರಲ್ಲಿ ನನ್ನದೇನು ತಪ್ಪು, ಹೇಳಿ. ಅಪ್ಪನನ್ನು ಭಾನುವಾರ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಉಳಿದ ದಿನ ಕೆಲಸ ಮುಗಿಸಿ ನಾನೇ ಅಮ್ಮನ ಹತ್ತಿರ ಹೋಗುತ್ತಿದ್ದೆ. ಸಾಕಲ್ಲ? ಸಾಲಲಿಲ್ಲ.

ಅಮ್ಮ ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ನಡಿಗೆ ಅಭ್ಯಾಸ ಮಾಡಿಸುವ ನರ್ಸ್ ಬಂದರೆ ಮುಸುಕು ಹೊದ್ದು ಮಲಗಿಬಿಡುತ್ತಿದ್ದಳು. ಅವಳನ್ನು ಎಬ್ಬಿಸಿ ನಡೆಸಿದವರು ಅಪ್ಪ. ವಾರ್ಡಿನ ಉದ್ದನೆಯ ಓಣಿಯನ್ನು ಅವರು ಬಸ್ಸಿನ ದಾರಿ ಮಾಡಿಬಿಟ್ಟಿದ್ದರು. ಮೊದಲ ಸ್ಟಾಪು ಬಟ್ಟೆ ಕೋಣೆ, ಆಮೇಲೆ ನರ್ಸುಗಳ ಮೇಜು, ಆಮೇಲೆ ನೀರಿನ ಫಿಲ್ಟರು, ಕಡೆಯದು ಕಿಟಕಿ. ಕುರ್ಚಿ ಹಾಕಿಕೊಂಡು ಕೂತು, "ಇಳಿಯೋರು ಇಳೀರಿ, ಹತ್ತೋರು ಹತ್ತಿ! ಮುಂದಿನ ಸ್ಟಾಪು ಫಿಲ್ಟರು, ರೈಟ್!" ಎಂದು ಕೂಗುವರು. ಅಮ್ಮ ವಾಕರ್ ಹಿಡಿದು, ನಾಚಿಕೊಂಡು, ಬೈದುಕೊಂಡು, ಹೆಜ್ಜೆ ಇಡುವಳು. ಇಡೀ ವಾರ್ಡು ನಗುವುದು. ಅವರು ದಿನಾ ಬರುವುದು ನಿಂತ ಮೇಲೆ ಅಮ್ಮನ ಬಸ್ಸೂ ನಿಂತಿತು.

ನಾನೂ ಕೂಗಿ ನೋಡಿದೆ. ಅಮ್ಮ ಮುಖ ಸಿಂಡರಿಸಿ, "ನೀನು ಟ್ರಾಫಿಕ್ ಪೊಲೀಸ್ ಥರ ಕೂಗ್ತೀಯ ಕಣೇ. ನಡೆಯೋಕಲ್ಲ, ದಂಡ ಕಟ್ಟೋಕೆ ಕರ್ದ ಹಾಗಿರುತ್ತೆ" ಎಂದಳು.

ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಮುಂದಿನ ತಿಂಗಳ ಕೊನೇಲಿ ಡಾಕ್ಟರು ಪರೀಕ್ಷೆ ಮಾಡ್ತಾರೆ. ಕಿಟಕಿವರೆಗೂ ಒಬ್ರೇ ಹೋಗಿ ಬಂದ್ರೆ ಮನೆಗೆ ಕಳಿಸ್ತೀವಿ. ಇಲ್ಲಾಂದ್ರೆ ಬಹಳ ದಿನ ಇರೋ ರೋಗಿಗಳ ಮನೆ ಒಂದಿದೆ, ಬೇರೆ ಊರಲ್ಲಿ, ಅಲ್ಲಿಗೆ. ಅಲ್ಲಿಗೆ ಹೋದೋರು ವಾಪಸ್ ಬರೋದು ಕಮ್ಮಿ ಅಕ್ಕ. ನಿಮ್ಮಪ್ಪನ್ನ ದಿನಾ ಕಳ್ಸಿ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಗೋಡೆಯ ಮೂಲಕವಲ್ಲ, ನೇರವಾಗಿಯೇ. ಅವರು ಮತ್ತೆ ಗೋಡೆಯ ಕಡೆಗೇ ತಿರುಗಿದರು. "ಗೋಡೆಯಮ್ಮಾ, ಈ ಮನೇಲಿ ಒಬ್ರು ರಸ್ತೆ ಇಂಜಿನಿಯರ್ ಇದಾರೆ. ಊರಿಗೆಲ್ಲ ರಸ್ತೆ ಹಾಕ್ತಾರೆ. ಹೆತ್ತಪ್ಪ ಹೆಂಡ್ತಿ ಹತ್ರ ಹೋಗೋಕೆ ಒಂದು ಗೆರೆ ಎಳೆಯೋಕಾಗಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ."

ನನಗೆ ಉರಿದುಹೋಯಿತು. ಪುರಸಭೆಯ ರಸ್ತೆ ವಿಭಾಗದ ಇಂಜಿನಿಯರ್ ನಾನು, ನಿಜ. ಹಿಂದೊಮ್ಮೆ ಸೇತುವೆ ರಸ್ತೆಗೆ ಸೈಕಲ್ ದಾರಿಯೊಂದನ್ನು ನಾನು ಯೋಚಿಸಿದ್ದೂ ನಿಜ. ಕಬ್ಬಿಣದ ಕಟಕಟೆ, ಸಾಲುಮರ, ಸಾಲುದೀಪ, ಬಣ್ಣಬಣ್ಣದ ನಕ್ಷೆ. ಅದರ ಖರ್ಚಿನಲ್ಲಿ ಇನ್ನೊಂದು ಸೇತುವೆಯನ್ನೇ ಕಟ್ಟಬಹುದು ಎಂದು ಸಭೆಯಲ್ಲಿ ಎಲ್ಲರೂ ನಕ್ಕಿದ್ದರು. ಅಂದಿನಿಂದ ಆ ನಕ್ಷೆ ಬೀರುವಿನ ಮೇಲೆ ಸುತ್ತಿಕೊಂಡು ಮಲಗಿದೆ.

ಮರುದಿನ ಬೆಳಿಗ್ಗೆ ಅದೇ ಉರಿಯಲ್ಲಿ ಸೇತುವೆಯ ಹತ್ತಿರ ಹೋಗಿ ನಿಂತೆ. ರಸ್ತೆಗೆ ಹೊಸ ಟಾರು ಹಾಕಿ ಮುಗಿದಿತ್ತು. ಟಾರು ಕೂತುಕೊಳ್ಳಲಿ ಎಂದು ಗೆರೆ ಇನ್ನೂ ಎಳೆದಿರಲಿಲ್ಲ. ನಡುಗೆರೆಯಿಲ್ಲ, ಅಂಚುಗೆರೆಯಿಲ್ಲ, ಒಗೆದು ಹರವಿದ ಕಪ್ಪು ಪಂಚೆಯಂತೆ ರಸ್ತೆ ಬಿದ್ದಿತ್ತು. ಎರಡು ಕಡೆಯ ವಾಹನಗಳು ನಿಧಾನವಾಗಿ, ಒಂದನ್ನೊಂದು ನೋಡಿಕೊಂಡು ಹೋಗುತ್ತಿದ್ದವು. ಹೋಗಿಯೂ ಒಂದು ಬದಿಯ ಕಟ್ಟೆಯ ಪಕ್ಕ ಒಂದು ಪಟ್ಟಿ ಖಾಲಿಯೇ ಉಳಿಯುತ್ತಿತ್ತು! ಗೆರೆ ಇಲ್ಲದ ರಸ್ತೆ ನೋಡಿದಾಗಲೇ ನನಗೆ ಹೊಳೆದದ್ದು, ಇಷ್ಟು ವರ್ಷ ನಾವು ಕಾರುಗಳಿಗೆ ಎಷ್ಟು ಧಾರಾಳವಾಗಿ ಜಾಗ ಅಳೆದು ಕೊಟ್ಟಿದ್ದೆವು ಎಂದು. ಗೆರೆ ಹೇಗೂ ಎಳೆಯಲೇಬೇಕು. ಅದರ ಬಣ್ಣ, ಅದರ ಕೂಲಿ ಟಾರಿನ ಕೆಲಸದಲ್ಲೇ ಸೇರಿದೆ. ಹಳೇ ಜಾಗದಲ್ಲೇ ಎಳೆಯಬೇಕು ಎಂದು ಯಾರು ಹೇಳಿದರು? ಆದರೆ ಒಮ್ಮೆ ಎಳೆದುಬಿಟ್ಟರೆ ಮತ್ತೆ ಟಾರು ಹಾಕುವವರೆಗೂ ಅದು ಅಲ್ಲೇ. ಅಷ್ಟರಲ್ಲಿ ಅಪ್ಪ ಅಮ್ಮ ಎಲ್ಲಿರುತ್ತಾರೋ ಏನೋ. ಅಲ್ಲಿಂದ ಸೀದಾ ಅಧ್ಯಕ್ಷರ ಕೋಣೆಗೆ ನುಗ್ಗಿ, ಆ ಪಟ್ಟಿಯನ್ನು ಸೈಕಲ್ಲುಗಳಿಗೆ ಬಿಡಿಸಿ ಎಂದೆ.

ನಮ್ಮ ಪುರಸಭೆ ಅಧ್ಯಕ್ಷರಿಗೆ ಊರವರು ಇಟ್ಟಿರುವ ಹೆಸರು 'ಆಮೇಲೆ ನೋಡೋಣ'. ಏನು ಕೇಳಿದರೂ ಅವರದು ಅದೊಂದೇ ಉತ್ತರ. ಆಡಿಕೊಳ್ಳುತ್ತಾರೆಂದು ಅವರಿಗೂ ಗೊತ್ತು, ಬೇಸರವಿಲ್ಲ.

"ದುಡ್ಡೆಲ್ಲಿದೆ ಇಂಜಿನಿಯರಮ್ಮ?" ಎಂದರು. "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು."

"ಹಾಸಿಗೆ ದೊಡ್ಡದು ಮಾಡಿ ಅಂತ ಕೇಳ್ತಿಲ್ಲ ಸಾರ್. ಹಾಸಿಗೆ ಈಗ್ಲೇ ದೊಡ್ಡದಿದೆ, ಒಬ್ರೇ ಅಡ್ಡಡ್ಡ ಮಲ್ಗಿದಾರೆ. ಸ್ವಲ್ಪ ಸರೀರಿ ಅಂತಿದೀನಿ. ಹೊಸ ಬಟ್ಟೆ ಹೊಲಿಯೋಕೆ ಕೊಟ್ಟಾಗಿದೆ, ಜೇಬು ಎಡಕ್ಕಲ್ಲ ಬಲಕ್ಕಿಡಪ್ಪ ಅಂದ್ರೆ ದರ್ಜಿ ಹೆಚ್ಚಿಗೆ ಕೇಳ್ತಾನಾ?"

"ಈ ಊರಲ್ಲಿ ಸೈಕಲ್ ತುಳಿಯೋರು ಯಾರಿದಾರೆ? ಜನ ಹೆಚ್ಚಾಗ್ಲಿ, ಆಮೇಲೆ..."

"ದಾರಿ ಇಲ್ಲ ಅಂತ ಜನ ತುಳಿಯಲ್ಲ, ಜನ ತುಳಿಯಲ್ಲ ಅಂತ ನಾವು ದಾರಿ ಮಾಡಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ!"

ಅಧ್ಯಕ್ಷರು ನಕ್ಕರು. ನಕ್ಕು, ಕನ್ನಡಕದ ಮೇಲಿಂದ ನೋಡಿ, "ನಿಮ್ಮಪ್ಪ ಬಿದ್ದ ವಿಷ್ಯ ಕೇಳ್ದೆ. ಅಪ್ಪನಿಗೋಸ್ಕರ ಊರ ರಸ್ತೇನೇ ತಿರುಗಿಸ್ತಿದೀರಾ?" ಎಂದರು.

"ಹೌದು ಸಾರ್, ಅಪ್ಪನಿಗೋಸ್ಕರವೇ. ಇನ್ಯಾರಿಗೋಸ್ಕರ ಅಂತ ಬೇಕಾದ್ರೆ ನಿಮ್ಮ ಮಗಳನ್ನ ಕೇಳಿ. ಹುಟ್ಟುಹಬ್ಬಕ್ಕೆ ಕೊಡ್ಸಿದ ಸೈಕಲ್ಲು ಯಾಕೆ ಮೂಲೆ ಸೇರಿದೆ ಅಂತ ಅವಳೇ ಹೇಳ್ತಾಳೆ."

ಅದು ನಾಟಿತು. ನನ್ನ ಯೋಜನೆ ಇಷ್ಟೇ: ಒಂದು ಬದಿಯ ಕಟ್ಟೆಯ ಪಕ್ಕ, ಹೋಗುವವರಿಗೂ ಬರುವವರಿಗೂ ಸಾಲುವಷ್ಟು ಅಗಲದ ಒಂದು ಸೈಕಲ್ ಪಟ್ಟಿ. ಪಟ್ಟಿಗೂ ವಾಹನಗಳಿಗೂ ನಡುವೆ ಬಗ್ಗುವ ಪ್ಲಾಸ್ಟಿಕ್ ಕಂಬಗಳ ಸಾಲು. ಡ್ರೈವರ್ ಸೀಟಿಗೆ ಕಾಣಬೇಕಲ್ಲ ಎಂದು ಆಳೆತ್ತರದ ಕಂಬಗಳನ್ನೇ ಆರಿಸಿದ್ದೆ. ಹೊಸ ಖರ್ಚೆಂದರೆ ಆ ಕಂಬಗಳದೊಂದೇ. ರಸ್ತೆ ಫಲಕಗಳಿಗೆಂದು ಇಟ್ಟದ್ದರಲ್ಲಿ ಉಳಿದದ್ದು ಅದಕ್ಕೆ ಸರಿಹೋಗುತ್ತಿತ್ತು. ಅಧ್ಯಕ್ಷರು ತಲೆ ಕೆರೆದುಕೊಂಡು ಒಂದು ಷರತ್ತು ಹಾಕಿದರು. "ಬಸ್ಸು ಸಲೀಸಾಗಿ ಹೋಗ್ಬೇಕು. ಡಿಪೋದಲ್ಲಿ ನನ್ನ ಕಣ್ಣೆದುರಿಗೇ ಓಡಿಸಿ ತೋರಿಸಿ. ಆಗ್ಲಿಲ್ಲಾಂದ್ರೆ..."

"ಆಮೇಲೆ ನೋಡೋಣ" ಎಂದು ನಾನೇ ಮುಗಿಸಿದೆ.

ಡಿಪೋ ಅಂಗಳ ಎಂದರೆ ಬೆಂಕಿಪೊಟ್ಟಣ. ಬಸ್ಸುಗಳನ್ನು ಕಡ್ಡಿ ಜೋಡಿಸಿದಂತೆ ಒತ್ತೊತ್ತಿ ನಿಲ್ಲಿಸಿರುತ್ತಾರೆ, ಎರಡರ ನಡುವೆ ಕೈ ತೂರಿಸುವುದೂ ಕಷ್ಟ. ಹಿಂಬದಿಯಲ್ಲಿ ಒಂದಿಷ್ಟು ಜಾಗ ಖಾಲಿ ಮಾಡಿಸಿ, ಸುಣ್ಣದಲ್ಲಿ ಗೆರೆ ಎಳೆದು, ಬಣ್ಣದ ಹಳೇ ಡಬ್ಬಿಗಳಿಗೆ ಮರಳು ತುಂಬಿ ಅವುಗಳಲ್ಲಿ ಕಂಬ ನಿಲ್ಲಿಸಿದೆ. ಬಸ್ಸಿನ ಅಗಲ ಡಿಪೋದವರೇ ಕೊಟ್ಟದ್ದು, ರಸ್ತೆಯ ಅಗಲ ನಾನೇ ಅಳೆದದ್ದು. ಓಡಿಸಲು ಶಿಷ್ಯನೇ ಮುಂದೆ ಬಂದ. "ಗುರುಗಳ ಋಣ ತೀರಿಸ್ಬೇಕು ಅಕ್ಕ" ಎಂದು ಸಾಲಿನಿಂದ ಬಸ್ಸು ತೆಗೆದು ಸೀದಾ ಕಂಬಗಳ ಕಡೆಗೆ ತಂದ. ಒಂದು ಕಂಬವೂ ಅಲುಗಲಿಲ್ಲ! ಸುಣ್ಣದ ಗೆರೆಯನ್ನೂ ತುಳಿಯದೆ, ದಾರದಲ್ಲಿ ಮಣಿ ಪೋಣಿಸಿದಂತೆ ಬಸ್ಸು ದಾಟಿಹೋಯಿತು. ಹಿಂದಕ್ಕೆ ತಿರುಗಿಸಿಕೊಂಡು ಬಂದು ಮತ್ತೆ ದಾಟಿಸಿದ. ಡ್ರೈವರುಗಳು ಶಿಳ್ಳೆ ಹೊಡೆದರು. ಅಧ್ಯಕ್ಷರು ಚಪ್ಪಾಳೆ ತಟ್ಟಿ, "ಸೋಮವಾರದಿಂದ ಗೆರೆ ಎಳೀರಿ, ಕಂಬ ತರಿಸಿ" ಎಂದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಇಂಜಿನಿಯರಮ್ಮ ಎನ್ನಿಸಿಕೊಂಡವಳು ಕುಣಿಯಬಾರದಲ್ಲ, ಸುಮ್ಮನೆ ಮನೆಗೆ ಓಡಿದೆ.

ಅಪ್ಪನ ಮುಂದೆ ಬೀಗದ ಕೈ ಇಟ್ಟು ಎಲ್ಲವನ್ನೂ ಹೇಳಿದೆ. ಅವರ ಮುಖ ಅರಳಿತು. ಆದರೂ ಬಿಂಕ ಬಿಡಬೇಕಲ್ಲ? "ಗೋಡೆಯಮ್ಮಾ, ಕೊನೆಗೂ ನಿನ್ನ ಮಗಳಿಗೆ ಬುದ್ಧಿ ಬಂತು" ಎಂದು ಕೋಲೂರಿಕೊಂಡು ಮೆಟ್ಟಿಲ ಹತ್ತಿರ ಹೋದರು. ಸರಪಳಿ ಬಿಚ್ಚಿದರು. ಸೀಟಿನ ಧೂಳು ಒರೆಸಿದರು. ಗೆರೆ ಬೀಳುವವರೆಗೂ ಬೀದಿ ಕೊನೆ ದಾಟುವ ಹಾಗಿಲ್ಲ ಎಂದು ನಾನು, ಆಯಿತು ಎಂದು ಗೋಡೆಗೆ ಅವರು. ಸೈಕಲ್ಲನ್ನು ಕಿರಿದಾದ ಬಾಗಿಲಿನಿಂದ ಮೆಲ್ಲಗೆ ಹೊರಗಿಳಿಸಿದರು. ಬೀದಿಗೆ ಇಳಿದ ಕೂಡಲೇ ಅವರ ಕೈ ತಾನಾಗಿ ಹ್ಯಾಂಡಲಿನತ್ತ ಹೋಗಿ, ಮಡಚಿದ್ದ ಕನ್ನಡಿಯನ್ನು ಟಕ್ಕನೆ ಬಿಚ್ಚಿತು.

ನನ್ನ ನಗು ಅಲ್ಲೇ ನಿಂತಿತು.

"ಅಪ್ಪ, ಡಿಪೋ ಅಂಗಳದಲ್ಲಿ ಬಸ್ಸಿನ ಕಿವಿ ಹೇಗಿರುತ್ತೆ?"

"ಮಡಚಿರುತ್ತೆ. ಇಲ್ಲಾಂದ್ರೆ ಒಂದಕ್ಕೊಂದು ತಾಗಿ ಒಡೆದು ಹೋಗಲ್ವಾ? ಗೇಟು ದಾಟಿದ ಮೇಲೇ ಬಿಚ್ಚೋದು. ಯಾಕೆ?" ಎಂದವರು ನನ್ನ ಮುಖ ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ.

ಡಿಪೋದವರು ಕೊಟ್ಟದ್ದು ಬಸ್ಸಿನ ಮೈಯ ಅಗಲ. ನಾನು ಅದನ್ನೇ ನಂಬಿದ್ದೆ. ಅಂಗಳದೊಳಗೆ ಕಿವಿ ಮಡಚಿಯೇ ಓಡಿಸುವುದು ಅಲ್ಲಿದ್ದವರಿಗೆಲ್ಲ ಉಸಿರಾಟದಷ್ಟು ಅಭ್ಯಾಸ, ಹಾಗಾಗಿ ಯಾರಿಗೂ ಅದು ಕಾಣಲೇ ಇಲ್ಲ. ರಸ್ತೆಯಲ್ಲಿ ಅದೇ ಕಿವಿ ಬಿಚ್ಚಿಕೊಂಡು ಕಂಬಗಳನ್ನು ಬಡಿಯುತ್ತದೆ, ಕಂಬದಾಚೆ ಇರುವವರನ್ನೂ ಬಡಿಯುತ್ತದೆ. ಅಪ್ಪನ ಹೆಗಲಿಗೆ ಬಿದ್ದ ಏಟನ್ನು ನೋಡಿಯೂ ನನಗೆ ತಿಳಿಯಲಿಲ್ಲವಲ್ಲ! ದೀಪದ ಬುಡದಲ್ಲೇ ಕತ್ತಲೆ.

"ಇನ್ಯಾರಾದ್ರೂ ಗಮನಿಸಿದ್ರಾ?" ಎಂದು ಅಪ್ಪ ಕೇಳಿದರು.

"ಇಲ್ಲ."

ಅಪ್ಪ ಸೈಕಲ್ಲಿನ ಸೀಟಿನ ಮೇಲೆ ಕೂತರು. ಬೀದಿಯಲ್ಲಿ ಯಾರೂ ಇರಲಿಲ್ಲ. ನಿಜ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಎನ್ನಿಸಿತು ನನಗೆ. ಗೆರೆ ಬೀಳಲಿ, ಅಪ್ಪ ಹೋಗಿ ಬರಲಿ, ಅಮ್ಮ ಮನೆಗೆ ಬರಲಿ, ಕಂಬ ಮುರಿದರೆ ಮುರಿಯಲಿ. ಈಗ ಹೇಳಿದರೆ ಆ ಅಧ್ಯಕ್ಷರು ಮತ್ತೆ 'ಆಮೇಲೆ' ಎನ್ನುವುದು ಖಂಡಿತ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಅಪ್ಪನೂ ಅದನ್ನೇ ಯೋಚಿಸುತ್ತಿದ್ದರು ಎಂದು ಅವರ ಮುಖ ನೋಡಿಯೇ ಗೊತ್ತಾಗುತ್ತಿತ್ತು.

"ಸುಮ್ನಿದ್ಬಿಡು ಅನ್ನೋ ಮಾತು ನಾಲಿಗೆ ತುದಿಗೆ ಬಂದಿದೆ ಕಣಮ್ಮ" ಎಂದರು. "ನಿಮ್ಮಮ್ಮನ್ನ ಆ ಬೇರೆ ಊರಿಗೆ ಕಳಿಸಿಬಿಟ್ರೆ ನಾನು..." ಹೆಗಲನ್ನು ಸವರಿಕೊಂಡರು. "ಆದ್ರೆ ಆ ಕಿವಿ ಬಡಿದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು. ನಾನು ದಪ್ಪ ಮನುಷ್ಯ, ತಡ್ಕೊಂಡೆ. ಕಂಬ ಇದೆಯಲ್ಲ ಅಂತ ನಂಬಿ ಯಾರೋ ಒಂದು ಚಿಕ್ಕ ಹುಡುಗಿ ಬರ್ತಾಳೆ. ತಗೋ."

ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಇಷ್ಟು ದಿನಗಳ ಮೇಲೆ ಅವರು ಗೋಡೆಯನ್ನು ಬಿಟ್ಟು ನನ್ನೊಡನೆಯೇ ಮಾತಾಡಿದ್ದು ಅವತ್ತೇ. ಕನ್ನಡಿ ಮಡಚಿ, ಸೈಕಲ್ಲನ್ನು ತಾವೇ ಒಳಗೆ ತಂದು, ಸರಪಳಿಯನ್ನೂ ತಾವೇ ಸುತ್ತಿದರು. ನಾನು ಸುಲಭಕ್ಕೆ ಅಳುವವಳಲ್ಲ. ಅವತ್ತು ಅಡುಗೆಮನೆಗೆ ಹೋಗಿ, ಅದೇ ಗೋಡೆಗೆ ತಲೆಯಿಟ್ಟು ಚೆನ್ನಾಗಿ ಅತ್ತೆ.

ಮಾರನೆಯ ದಿನ ಅಧ್ಯಕ್ಷರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ರೀ ಇದು? ನಿನ್ನೆ ಚಪ್ಪಾಳೆ ತಟ್ಟಿದ ಕೈಯ ಬಿಸಿ ಇನ್ನೂ ಆರಿಲ್ಲ! ನೀವು ಬಾಯಿ ಮುಚ್ಕೊಂಡಿದ್ರೆ ಯಾರಿಗ್ರೀ ಗೊತ್ತಾಗ್ತಿತ್ತು?"

"ಮೊದ್ಲು ಬಿದ್ದೋರಿಗೆ ಗೊತ್ತಾಗ್ತಿತ್ತು ಸಾರ್" ಎಂದೆ. ನನ್ನ ದನಿಯೂ ಏರಿತ್ತು. "ತಪ್ಪು ನನ್ನದು. ನನಗೆ ಎಷ್ಟು ಬೇಕೋ ಅಷ್ಟು ಬಯ್ಯಿರಿ, ಆದ್ರೆ ಇನ್ನೊಂದ್ಸಲ ಡಿಪೋಗೆ ಬನ್ನಿ."

ಬೈದುಕೊಂಡೇ ಬಂದರು. ಶಿಷ್ಯನಿಗೆ ವಿಷಯ ಹೇಳಿದಾಗ ಅವನ ಮುಖ ಬಿಳುಚಿತು. "ಅಯ್ಯೋ, ನನ್ನ ಕೈಯೇ ಮಡಚಿಬಿಡುತ್ತೆ ಅಕ್ಕ, ನನಗೆ ತಿಳಿಯೋದೇ ಇಲ್ಲ" ಎಂದು ತನ್ನ ಕೈಯನ್ನೇ ನೋಡಿಕೊಂಡ. ಈ ಸಲ ಕಿವಿ ಬಿಚ್ಚಿ ಓಡಿಸಿದ. ಟಪ್, ಟಪ್, ಟಪ್ ಎಂದು ಕಂಬಗಳೆಲ್ಲ ಸಾಲಾಗಿ ಉರುಳಿದವು. ಒಂದು ಡಬ್ಬಿ ಉರುಳಿಕೊಂಡು ಬಂದು ಅಧ್ಯಕ್ಷರ ಬೂಟಿಗೆ ಮರಳು ಚೆಲ್ಲಿತು. ಯಾರೂ ಶಿಳ್ಳೆ ಹೊಡೆಯಲಿಲ್ಲ.

"ಮುಗೀತಲ್ಲ" ಎಂದರು ಅಧ್ಯಕ್ಷರು, ಬೂಟು ಕೊಡವುತ್ತ. "ಗೆರೆ ಹಳೇ ಜಾಗದಲ್ಲೇ ಎಳೀಲಿ. ಇದನ್ನ ಆಮೇಲೆ ನೋಡೋಣ."

ನಾನು ತಲೆ ಮೇಲೆ ಕೈ ಹೊತ್ತು ಗೇಟಿನ ಪಕ್ಕ ಕುಸಿದು ಕೂತೆ. ಕೂತದ್ದು ಒಂದು ಕಲ್ಲಿನ ಮೇಲೆ. ಹಿಂದೆ ದೊಡ್ಡ ರಸ್ತೆಯ ನಡುವಿನ ವಿಭಜಕ ಕಿತ್ತಾಗ ಉಳಿದ ಕಾಂಕ್ರೀಟ್ ಕಲ್ಲುಗಳಲ್ಲಿ ಒಂದಷ್ಟನ್ನು ಡಿಪೋದವರು ತಂದು, ಬಸ್ಸುಗಳು ಗೋಡೆಗೆ ಉಜ್ಜದಿರಲಿ ಎಂದು ಗೇಟಿನ ಉದ್ದಕ್ಕೂ ಜೋಡಿಸಿದ್ದರು. ಮೊಣಕಾಲಿಗೂ ಬಾರದ ಗಿಡ್ಡ ಕಲ್ಲುಗಳು. ಅಷ್ಟರಲ್ಲಿ ಹೊರಡುವ ಬಸ್ಸೊಂದು ಬಂತು, ನಾನು ಎದ್ದು ಪಕ್ಕಕ್ಕೆ ಸರಿದೆ. ಅದರ ಡ್ರೈವರ್ ಗೇಟಿನಲ್ಲಿ ಕಿಟಕಿಯಿಂದ ಕೈ ಹಾಕಿ ಕಿವಿ ಬಿಚ್ಚಿದ. ಚಕ್ರ ಕಲ್ಲಿನ ಈಚೆ, ಬಿಚ್ಚಿದ ಕಿವಿ ಕಲ್ಲಿನ ಮೇಲೆ ಗಾಳಿಯಲ್ಲಿ ತೇಲಿಕೊಂಡು, ಏನನ್ನೂ ಮುಟ್ಟದೆ ಹೋಯಿತು. ದಿನಾ ಹೀಗೆಯೇ ಹೋಗುತ್ತದೆ. ದಿನಾ!

"ಸಾರ್!" ಎಂದು ನಾನು ಕಿರುಚಿದ ರಭಸಕ್ಕೆ ಅಧ್ಯಕ್ಷರ ಕೈಯಲ್ಲಿದ್ದ ಬೂಟು ಜಾರಿ ಬಿತ್ತು.

ಕಂಬ ಬೇಡ, ಗಿಡ್ಡ ಕಲ್ಲು ಸಾಕು. ಕಲ್ಲು ಬಸ್ಸಿನ ಚಕ್ರವನ್ನು ತಡೆಯುತ್ತದೆ, ಕಿವಿಯನ್ನು ತಡೆಯುವುದಿಲ್ಲ. ಕಿವಿ ಎಲ್ಲಿಯವರೆಗೆ ಚಾಚುತ್ತದೋ ಅಷ್ಟು ಜಾಗವನ್ನು ಕಲ್ಲಿನ ಆಚೆ ಪಟ್ಟೆ ಬಳಿದು ಖಾಲಿ ಬಿಡಬೇಕು. ಸೈಕಲ್ ದಾರಿ ಶುರುವಾಗುವುದು ಅದರಾಚೆಗೆ. ಆ ಒಂದು ಮೊಳ ಎಲ್ಲಿಂದ ತರುವುದು? ಆಚೆ ಕಡೆಯ ವಾಹನಗಳಿಗೆ ಇನ್ನೂ ಕೈಬಿಚ್ಚಿಯೇ ಕೊಟ್ಟಿದ್ದೆ, ನಡುಗೆರೆಯನ್ನು ಅಷ್ಟು ಸರಿಸಿದರಾಯಿತು. ಗೆರೆ ಇನ್ನೂ ಎಳೆದಿಲ್ಲ, ಎಳೆಯದ ಗೆರೆಯನ್ನು ಸರಿಸಲು ಏನು ಖರ್ಚು? ಅಲ್ಲೇ ನೆಲದ ಮೇಲೆ ಸುಣ್ಣದಲ್ಲಿ ಬರೆದು ತೋರಿಸಿದೆ. ಶಿಷ್ಯ ಗೇಟಿನ ಕಲ್ಲುಗಳನ್ನೇ ನಾಲ್ಕು ಹೊತ್ತುಕೊಂಡು ಬಂದ. ಕಿವಿ ಬಿಚ್ಚಿದ ಬಸ್ಸು ದಾಟಿತು. ಪಟ್ಟೆಯ ಈಚೆ ನಾನೇ ನಿಂತಿದ್ದೆ. ಗಾಳಿ ಬೀಸಿತು, ಕಿವಿ ನನ್ನನ್ನು ಮುಟ್ಟಲಿಲ್ಲ.

ಅಧ್ಯಕ್ಷರು ಒಂದು ಕಾಲಿನ ಬೂಟಿನಲ್ಲೇ ಹತ್ತಿರ ಬಂದರು. "ಅಂದ್ರೆ ಕಂಬದ ದುಡ್ಡು?"

"ಉಳೀತು ಸಾರ್."

"ಕಲ್ಲಿಗೆ ಎಷ್ಟಾಗುತ್ತೆ?"

"ಕಲ್ಲು ನಿಮ್ಮ ಆಫೀಸಿನ ಹಿಂದೇನೇ ರಾಶಿ ಬಿದ್ದಿದೆ. ಅದರ ಮೇಲೆ ಮಲಗೋ ನಾಯಿಗಳನ್ನ ಒಂದು ಮಾತು ಕೇಳ್ಬೇಕು, ಅಷ್ಟೇ. ಹೊರೋ ಕೂಲಿ ಫಲಕದ ದುಡ್ಡಲ್ಲೇ ಆಗುತ್ತೆ, ಅದರಲ್ಲೂ ಮಿಗುತ್ತೆ."

ಅವರು ಒಂದು ಕ್ಷಣ ನನ್ನನ್ನೂ ಬಸ್ಸನ್ನೂ ನೋಡಿದರು. ಬೂಟು ಹಾಕಿಕೊಂಡರು. "ನಡೀರಿ ಮತ್ತೆ" ಎಂದರು. "ಈಗಲೇ ನೋಡೋಣ."

ಡಿಪೋದವರೆಲ್ಲ ಘೊಳ್ಳೆಂದು ನಕ್ಕರು. ಆ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ.

ಸೋಮವಾರ ತಪ್ಪಿತು, ಮುಂದಿನ ಸೋಮವಾರ ಗೆರೆ ಬಿತ್ತು. ಕಲ್ಲು ಜೋಡಿಸಲು ಇನ್ನೊಂದಿಷ್ಟು ದಿನ. ಉದ್ಘಾಟನೆ, ಭಾಷಣ ಏನೂ ಇಟ್ಟುಕೊಳ್ಳಲಿಲ್ಲ, ಅದಕ್ಕೆ ದುಡ್ಡಿಲ್ಲ ಎಂದು ನಾನೇ ಹೇಳಿದೆ. ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟು ಸರಪಳಿಯನ್ನು ಗುಜರಿಗೆ ಹಾಕಿದೆ. ಅವರ ಹಿಂದೆ ನಾನೂ ನನ್ನ ಹಳೇ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಹೊರಟೆ. ಎಷ್ಟು ವರ್ಷವಾಗಿತ್ತೋ ಹತ್ತಿ! ಹ್ಯಾಂಡಲು ಅತ್ತಿತ್ತ ಓಲಾಡಿತು. "ನೇರ ಹಿಡಿಯೇ, ರಸ್ತೆ ಇಂಜಿನಿಯರ್ ಅಂತೆ!" ಎಂದು ಅಪ್ಪ ಕನ್ನಡಿಯಲ್ಲೇ ನನ್ನನ್ನು ನೋಡಿ ಬೈದರು. ಸೇತುವೆಯ ನಡುವೆ ಹಿಂದಿನಿಂದ ಬಸ್ಸಿನ ಸದ್ದಾಯಿತು. ನಾನು ಕಟ್ಟೆಯ ಕಡೆಗೆ ಸರಿದುಕೊಂಡೆ. ಬಸ್ಸು ಕಲ್ಲುಸಾಲಿನ ಆಚೆ ನಿಧಾನವಾಗಿ ಸರಿದುಹೋಯಿತು, ಅದರ ಕಿವಿ ಪಟ್ಟೆಯ ಮೇಲೆ ತೇಲಿತು. ಕಿಟಕಿಯಿಂದ ಶಿಷ್ಯ, "ಗುರುಗಳೇ!" ಎಂದು ಕೂಗಿದ. ಅಪ್ಪ ತಿರುಗದೆ ಕೈ ಮಾತ್ರ ಎತ್ತಿದರು. ನಮ್ಮೆದುರಿಗೆ ಶಾಲೆಚೀಲ ಬೆನ್ನಿಗೆ ಹಾಕಿದ ಇಬ್ಬರು ಹುಡುಗಿಯರು ಬರುತ್ತಿದ್ದರು. ಒಬ್ಬಳು ಅಧ್ಯಕ್ಷರ ಮಗಳು.

ವಾರ್ಡಿನ ಬಾಗಿಲಲ್ಲಿ ಅಪ್ಪನನ್ನು ನೋಡಿ ಅಮ್ಮ ಮೊದಲು ಮುಖ ತಿರುಗಿಸಿದಳು. ಆಮೇಲೆ, "ಏನ್ರೀ ಡ್ರೈವರ್ ಸಾಹೇಬ್ರೇ, ದಿನಾ ಬರೋ ಬಸ್ಸು ಇಷ್ಟು ದಿನ ಕೆಟ್ಟು ನಿಂತಿತ್ತಾ?" ಎಂದಳು.

"ಬಸ್ಸು ಚೆನ್ನಾಗೇ ಇತ್ತು ಕಣೇ. ರಸ್ತೆ ರಿಪೇರಿ ಇತ್ತು" ಎಂದು ಅಪ್ಪ ಕುರ್ಚಿ ಎಳೆದುಕೊಂಡು ಕೂತರು. "ಹತ್ತೋರು ಹತ್ತಿ! ರೈಟ್!"

ಅಮ್ಮ ವಾಕರ್ ಕೊಡು ಎಂದು ನನಗೆ ಕೈ ಚಾಚಿದಳು. ಅವತ್ತು ಬಟ್ಟೆ ಕೋಣೆಯವರೆಗೆ ಹೋಗುವಷ್ಟರಲ್ಲಿ ಕಾಲು ನಡುಗಿ ಕೂತುಬಿಟ್ಟಳು. ಮರುದಿನವೂ ಅಷ್ಟೇ. ನನಗೆ ಭಯವಾಗಿತ್ತು. ಅಪ್ಪ ಮಾತ್ರ ದಿನವೂ ಹೋದರು, ದಿನವೂ ಕೂಗಿದರು. ಮೇಜು ಬಂತು, ಫಿಲ್ಟರು ಬಂತು. ತಿಂಗಳ ಕೊನೆಯಲ್ಲಿ ಡಾಕ್ಟರು ನೋಡುತ್ತಿದ್ದಂತೆಯೇ ಅಮ್ಮ ಕಿಟಕಿಯವರೆಗೆ ಹೋಗಿ, ಸರಳು ಮುಟ್ಟಿ, ಒಬ್ಬಳೇ ತಿರುಗಿ ಬಂದಳು. ಬರುವಾಗ ಅಪ್ಪ ಕೂಗಲಿಲ್ಲ, ಕುರ್ಚಿಯಿಂದ ಎದ್ದು ನಿಂತಿದ್ದರು.

ಮನೆಗೆ ಕರೆದೊಯ್ಯಲು ನಾನು ಬಾಡಿಗೆ ಕಾರು ಹೇಳಿದ್ದೆ. ಆಸ್ಪತ್ರೆಯ ಗೇಟಿನಲ್ಲಿ ನೋಡಿದರೆ ಅಪ್ಪನ ಸೈಕಲ್ಲಿಗೆ ಬುಟ್ಟಿ ಇಲ್ಲ. ಅದರ ಜಾಗದಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಒಂದು ಅಗಲವಾದ ಸೀಟು, ಒರಗು, ಹಿಡಿಯಲು ಕಬ್ಬಿಣದ ಕಂಬಿ. ಹಳೇ ಬಸ್ಸಿನ ಸೀಟು ಎಂದು ನೋಡಿದರೇ ತಿಳಿಯುತ್ತಿತ್ತು. ಇದು ಶಿಷ್ಯನ ಕೈವಾಡ.

"ಆಗಲ್ಲ! ಸೊಂಟ ಈಗ ತಾನೇ ಕೂಡಿದೆ" ಎಂದು ನಾನು ಕೂಗಿದೆ. ಅಮ್ಮ ಡಾಕ್ಟರ ಕಡೆ ನೋಡಿದಳು. ಅವರು ಸೀಟನ್ನು ಒತ್ತಿ ನೋಡಿ, ಮೆತ್ತಗಿದೆ, ಮೆಲ್ಲಗೆ ಹೋಗಿ ಎಂದು ನಕ್ಕುಬಿಟ್ಟರು. ಇನ್ನು ನನ್ನ ಮಾತು ಯಾರು ಕೇಳುತ್ತಾರೆ?

"ಏನಮ್ಮಾ ಇಂಜಿನಿಯರೇ, ನಿನ್ನ ದಾರಿ ನಮ್ಮಿಬ್ಬರಿಗೂ ಸಾಕಾಗುತ್ತಾ?" ಎಂದು ಅಪ್ಪ ಕೇಳಿದರು.

"ಸಾಕಾಗುತ್ತೆ ಅಪ್ಪ" ಎಂದೆ. "ಅಳೆದಿದೀನಿ. ಈ ಸಲ ಕಿವಿ ಸೇರಿಸಿ."

ಅಮ್ಮನನ್ನು ಹಿಡಿದು ಕೂರಿಸಿದೆ. ಅವಳು ಸೆರಗು ಸರಿಮಾಡಿಕೊಂಡು ರಾಣಿಯ ಹಾಗೆ ಒರಗಿದಳು. ಸೇತುವೆಯ ಏರಿನಲ್ಲಿ ಹಿಂದಿನಿಂದ ತಳ್ಳಲು ನಾನು ನನ್ನ ಸೈಕಲ್ಲು ಹಿಡಿದು ನಿಂತೆ. ಗೇಟು ದಾಟಿಸಿ ನಿಲ್ಲಿಸಿ ಅಪ್ಪ ಕನ್ನಡಿ ಬಿಚ್ಚಿ, ಅದರೊಳಗೆ ಅಮ್ಮನ ಮುಖ ಕಾಣುವ ಹಾಗೆ ತಿರುಗಿಸಿಕೊಂಡರು. ಹೊರಡಲಿಲ್ಲ, ಕಾದರು.

ಅಮ್ಮ ಕಂಬಿಗೆ ಎರಡು ಸಲ ತಟ್ಟಿದಳು.

"ರೈಟ್" ಎಂದಳು. "ಮುಂದಿನ ಸ್ಟಾಪು ಮನೆ."